ಮೊಟ್ಟೆ ಒಡೆಯುತ್ತಿಲ್ಲ, ಮರಿ ಉಳಿಯುತ್ತಿಲ್ಲ: ಸಿಹಿನೀರಿನ ಮೀನು ಹ್ಯಾಚರಿಯಲ್ಲಿ ದೋಷ ಹುಡುಕುವ ಕೈಪಿಡಿ

ಹ್ಯಾಚರಿಯಲ್ಲಿ ಮೊಟ್ಟೆ ಅಥವಾ ಮರಿ ಸಾಯಲು ಶುರುವಾದರೆ ಎಲ್ಲರೂ ಮೊದಲು ಕೇಳುವುದು "ಯಾವ ಔಷಧಿ ಹಾಕಬೇಕು?" ಎಂದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಸಾವು ಶುರುವಾದದ್ದು ಎಷ್ಟನೇ ಗಂಟೆಗೆ? ಹ್ಯಾಚರಿಯ ನಷ್ಟದಲ್ಲಿ ದೊಡ್ಡ ಪಾಲು ರೋಗದಿಂದ ಆಗುವುದಿಲ್ಲ. ನೀರು, ಆಮ್ಲಜನಕ, ಹೊತ್ತು ತಪ್ಪಿದ ಕೆಲಸ, ಇವುಗಳಿಂದ ಆಗುತ್ತದೆ. ಯಾವ ಹೊತ್ತಿಗೆ ಸತ್ತವು ಎಂದು ಗೊತ್ತಾದರೆ ಅರ್ಧ ಕಾರಣ ಸಿಕ್ಕಿದಂತೆಯೇ.

ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಮೀನುಗಳ ಲೆಕ್ಕ ಹೀಗಿದೆ. ನೀರು 27ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೊಟ್ಟೆ 14ರಿಂದ 18 ಗಂಟೆಯಲ್ಲಿ ಒಡೆಯುತ್ತದೆ. ಆಮೇಲೆ ಸುಮಾರು ಮೂರು ದಿನ ಮರಿ ಹೊಟ್ಟೆಯಡಿಯ ಹಳದಿ ಚೀಲದಲ್ಲಿರುವ ಆಹಾರದಿಂದಲೇ ಬದುಕುತ್ತದೆ. ನಂತರ ಹೊರಗಿನ ಆಹಾರ ಬೇಕು. ನರ್ಸರಿ ಕೊಳದಲ್ಲಿ (ಎಳೆ ಮರಿ ಬೆಳೆಸುವ ಕೊಳ) 15ರಿಂದ 20 ದಿನದಲ್ಲಿ ಅದು ಎರಡು, ಎರಡೂವರೆ ಸೆಂಟಿಮೀಟರ್ ಆಗುತ್ತದೆ. ಸಾಮಾನ್ಯ ಗೆಂಡೆಯ ಮೊಟ್ಟೆ ಅಂಟುವ ಜಾತಿಯದು. ಅದಕ್ಕೆ ಎರಡು, ಮೂರು ದಿನ ಬೇಕು. ಕೆಳಗಿನ ಲೆಕ್ಕಗಳೆಲ್ಲ ಮುಖ್ಯವಾಗಿ ಗೆಂಡೆ ಮೀನುಗಳದ್ದು. ಬೇರೆ ಜಾತಿಗೆ ಗಂಟೆಗಳು ಬದಲಾಗುತ್ತವೆ, ಹುಡುಕುವ ದಾರಿ ಅದೇ.

ಕೈಗೆ ಸಿಗುವಂತೆ ಇರಬೇಕಾದವು: ಥರ್ಮಾಮೀಟರ್, ಒಂದು ಗಾಜಿನ ಲೋಟ, ಭೂತಗನ್ನಡಿ, ಆಮ್ಲಜನಕ, ಪಿಎಚ್ ಮತ್ತು ಅಮೋನಿಯಾ ನೋಡುವ ಕಿಟ್, ಒಂದು ನೋಟ್‌ಪುಸ್ತಕ. ಇವುಗಳಲ್ಲಿ ಜಾಸ್ತಿ ಕೆಲಸಕ್ಕೆ ಬರುವುದು ಆ ನೋಟ್‌ಪುಸ್ತಕವೇ. ಮೊಟ್ಟೆ ಇಡಿಸಲು ಹಾರ್ಮೋನ್ ಚುಚ್ಚುಮದ್ದು ಕೊಟ್ಟ ಹೊತ್ತು, ಮೊಟ್ಟೆ ಇಟ್ಟ ಹೊತ್ತು, ನೀರಿನ ತಾಪಮಾನ, ಕರೆಂಟ್ ಹೋದ ಹೊತ್ತು, ಇಷ್ಟನ್ನಾದರೂ ಬರೆದಿಡಿ.

ಐದಾರು ಗಂಟೆಯೊಳಗೆ ಮೊಟ್ಟೆ ಬೆಳ್ಳಗಾಗಿದೆ

ಒಂದು ಲೋಟದಲ್ಲಿ ಮೊಟ್ಟೆ ತೆಗೆದು ಕಪ್ಪು ಬಟ್ಟೆಯ ಮೇಲೆ ಇಟ್ಟು ನೋಡಿ. ಜೀವ ಇರುವುದು ಗಾಜಿನಂತೆ ತಿಳಿಯಾಗಿರುತ್ತದೆ, ಸತ್ತದ್ದು ಹಾಲು ಬಿಳುಪಾಗಿರುತ್ತದೆ. ನೂರು ಮೊಟ್ಟೆ ಎಣಿಸಿ, ತಿಳಿಯಾಗಿರುವವು ಎಷ್ಟು ಎಂದು ಬರೆದುಕೊಳ್ಳಿ. ಮೊಟ್ಟೆ ಇಟ್ಟ ತಕ್ಷಣ ಎಣಿಸಿದರೆ ಪ್ರಯೋಜನವಿಲ್ಲ. ಫಲಿತವಾಗದ ಮೊಟ್ಟೆಯೂ ನೀರು ಕುಡಿದು ಉಬ್ಬಿ, ಮೊದಲಿಗೆ ಚೆನ್ನಾಗಿಯೇ ಕಾಣುತ್ತದೆ.

ಈ ಹೊತ್ತಿಗೇ ಬಹುಪಾಲು ಬೆಳ್ಳಗಾಗಿದ್ದರೆ ಆ ಮೊಟ್ಟೆಗಳು ಫಲಿತವೇ ಆಗಿಲ್ಲ ಎಂದರ್ಥ. ಹ್ಯಾಚಿಂಗ್ ತೊಟ್ಟಿಯ ನೀರನ್ನು ದೂರುವುದಕ್ಕೆ ಮೊದಲು ತಂದೆ, ತಾಯಿ ಮೀನುಗಳ ಕಡೆ ತಿರುಗಿ.

ಗಂಡಿನಿಂದ ಶುರು ಮಾಡಿ, ಅದು ಪುಕ್ಕಟೆ ಪರೀಕ್ಷೆ. ಹೊಟ್ಟೆಯನ್ನು ಮೆಲ್ಲಗೆ ಒತ್ತಿದರೆ ಗಟ್ಟಿಯಾದ ಬಿಳಿ ವೀರ್ಯ ಬರಬೇಕು. ಒಂದು ಹನಿ ನೀರಿಗೆ ಬಿದ್ದರೆ ತಕ್ಷಣ ಹರಡಿಕೊಳ್ಳಬೇಕು. ತೆಳ್ಳಗೆ ನೀರಿನಂತಿದ್ದರೆ, ರಕ್ತ ಬೆರೆತಿದ್ದರೆ ಆ ಗಂಡು ಈ ಸರದಿಗೆ ಬೇಡ. ಹಿಂದಿನ ವಾರಗಳಲ್ಲಿ ಪದೇ ಪದೇ ಬಳಸಿದ ಗಂಡುಗಳಲ್ಲಿ ಇದು ಜಾಸ್ತಿ. ಹೆಣ್ಣಿನ ಒಟ್ಟು ತೂಕಕ್ಕೆ ಸರಿಸಮ ತೂಕದ ಗಂಡುಗಳು ಇರಬೇಕು. ಗಂಡು ಸಣ್ಣದಿದ್ದರೆ ಒಂದು ಹೆಣ್ಣಿಗೆ ಎರಡು ಬಿಡಿ.

ಕೈಯಲ್ಲಿ ಮೊಟ್ಟೆ ಹಿಂಡುವವರು ಪಾತ್ರೆ ಒಣಗಿದೆಯೇ ನೋಡಬೇಕು. ಗೆಂಡೆ ಮೀನಿನ ವೀರ್ಯಾಣು ನೀರು ತಾಗಿದ ಮೇಲೆ ಒಂದು ನಿಮಿಷವೂ ಸರಿಯಾಗಿ ಈಜುವುದಿಲ್ಲ. ಮೊಟ್ಟೆಯೊಳಗೆ ಅದು ಹೋಗುವ ಸಣ್ಣ ರಂಧ್ರವೂ ನೀರಿನಲ್ಲಿ ಬೇಗ ಮುಚ್ಚಿಕೊಳ್ಳುತ್ತದೆ. ಮೀನಿನ ಮೈಯಿಂದ ನಾಲ್ಕು ಹನಿ ನೀರು ಪಾತ್ರೆಗೆ ಬಿದ್ದರೂ ಸಾಕು, ಕೆಲಸ ಕೆಡುತ್ತದೆ. ಮೈ ಒರೆಸಿ, ಒಣ ಪಾತ್ರೆಗೆ ಹಿಂಡಿ, ಎರಡನ್ನೂ ಹಕ್ಕಿಯ ಗರಿಯಿಂದ ಬೆರೆಸಿ, ಆಮೇಲೆ ನೀರು.

ಗಂಡು ಸರಿಯಿದ್ದರೆ ಮುಂದಿನದು ಹೊತ್ತು. ಈಗ ಬಳಕೆಯಲ್ಲಿರುವ ಸಿದ್ಧ ಹಾರ್ಮೋನ್ ಒಂದೇ ಸಲ ಚುಚ್ಚಿದರೆ ಸಾಮಾನ್ಯವಾಗಿ 8ರಿಂದ 14 ಗಂಟೆಯಲ್ಲಿ ಮೊಟ್ಟೆ ಬರುತ್ತದೆ. ನೀರು ಬೆಚ್ಚಗಿದ್ದಷ್ಟೂ ಬೇಗ. ಹೊಟ್ಟೆಯೊಳಗೆ ಬಿಡುಗಡೆಯಾದ ಮೊಟ್ಟೆಯನ್ನು ತೆಗೆಯುವುದು ತಡವಾದರೆ ಅದು ಬಲಿತು ಕೆಡುತ್ತದೆ. ನೋಡಲು ದಪ್ಪಗೆ, ಧಾರಾಳವಾಗಿ ಬರುತ್ತದೆ, ಆದರೆ ಜೊತೆಗೆ ಬರುವ ದ್ರವ ನೀರುನೀರಾಗಿರುತ್ತದೆ, ಮಧ್ಯೆ ಮಧ್ಯೆ ಬಿಳಿ ಮೊಟ್ಟೆ ಇಣುಕುತ್ತವೆ. ಹೊತ್ತಿಗೆ ಮುಂಚೆ ತೆಗೆದರೆ ಬೇರೆ ಚಿಹ್ನೆ: ಒತ್ತಿದರೆ ಮಾತ್ರ ಬರುತ್ತದೆ, ಗಂಟುಗಂಟಾಗಿ, ಕೆಲವೊಮ್ಮೆ ರಕ್ತದ ಜೊತೆ. ಬಲ ಹಾಕಬೇಕಾಗಿ ಬಂದರೆ ಅಲ್ಲಿಗೇ ನಿಲ್ಲಿಸಿ. ಆ ಹೆಣ್ಣನ್ನು ನೀರಿಗೆ ಬಿಟ್ಟು ಒಂದು ಗಂಟೆ ಬಿಟ್ಟು ನೋಡಿ. ಹಠ ಮಾಡಿದರೆ ಮೊಟ್ಟೆಯ ಜೊತೆ ತಾಯಿಯೂ ಹೋಗುತ್ತದೆ.

ಇನ್ನೂ ಸಂಶಯವಿದ್ದರೆ ಹೀಗೆ ಬೇರ್ಪಡಿಸಿ. ಒಂದೇ ಹೆಣ್ಣಿನ ಮೊಟ್ಟೆ ಕೆಟ್ಟು ಉಳಿದವು ಚೆನ್ನಾಗಿದ್ದರೆ ದೋಷ ಆ ಹೆಣ್ಣಿನದು. ಎಲ್ಲ ಹೆಣ್ಣುಗಳದ್ದೂ ಒಟ್ಟಿಗೆ ಕೆಟ್ಟಿದ್ದರೆ ಹಾರ್ಮೋನ್ ಬಾಟಲಿಯ ದಿನಾಂಕ, ಅದನ್ನು ಇಟ್ಟ ಜಾಗ, ಚುಚ್ಚುವಾಗ ಸೋರಿತೇ ಎಂಬುದನ್ನು ನೋಡಿ. ಪ್ರತಿ ಸರದಿಯಲ್ಲೂ ಹೀಗೇ ಆಗುತ್ತಿದ್ದರೆ ಬೇರು ಹಿಂದಿನ ತಿಂಗಳುಗಳಲ್ಲಿದೆ: ತಾಯಿಮೀನಿಗೆ ಕೊಟ್ಟ ಆಹಾರ, ಕೊಳದ ಕಿಕ್ಕಿರಿತ, ವಯಸ್ಸು. ಅದನ್ನು ಈ ವಾರ ಸರಿಮಾಡಲು ಆಗುವುದಿಲ್ಲ.

ಮೊಟ್ಟೆ ಚೆನ್ನಾಗಿಯೇ ಇತ್ತು, ಅರ್ಧ ದಾರಿಯಲ್ಲಿ ಸತ್ತಿತು

ಆರನೇ ಗಂಟೆಗೆ ನೂರರಲ್ಲಿ ತೊಂಬತ್ತು ತಿಳಿಯಾಗಿದ್ದು, ಹತ್ತನೇ ಗಂಟೆಗೆ ಅರ್ಧ ಬೆಳ್ಳಗಾದರೆ ತಾಯಿಮೀನಿನ ತಪ್ಪಲ್ಲ. ತೊಟ್ಟಿಯಲ್ಲಿ ಏನೋ ಆಗಿದೆ.

ಮೊದಲು ಸುಮ್ನೆ ನಿಂತು ಹರಿವನ್ನು ನೋಡಿ. ಈ ಮೂರು ಜಾತಿಯ ಮೊಟ್ಟೆ ತೇಲುವುದೂ ಇಲ್ಲ, ಪೂರ್ತಿ ಮುಳುಗುವುದೂ ಇಲ್ಲ. ಹರಿವು ಅವನ್ನು ಎತ್ತಿ ತಿರುಗಿಸುತ್ತಿರಬೇಕು. ತಳದಲ್ಲಿ ಒಂದು ಮೂಲೆಯಲ್ಲಿ ರಾಶಿ ಬಿದ್ದಿದ್ದರೆ ಅಡಿಯಲ್ಲಿರುವವು ಉಸಿರುಗಟ್ಟುತ್ತವೆ. ಹಾಗಂತ ನಲ್ಲಿ ಪೂರ್ತಿ ತಿರುಗಿಸಿದರೆ ಮೊಟ್ಟೆಗಳು ಜಾಲರಿಗೆ, ಗೋಡೆಗೆ ಬಡಿದು ಒಡೆಯುತ್ತವೆ. ಲೋಟದಲ್ಲಿ ಒಡೆದ ಸಿಪ್ಪೆ, ಹರಿದ ಚೂರು ಕಂಡರೆ ಹರಿವು ಜಾಸ್ತಿಯಾಗಿದೆ.

ಆಮೇಲೆ ತುಂಬಿದ ಪ್ರಮಾಣ. ವೃತ್ತಾಕಾರದ ತೊಟ್ಟಿಯಲ್ಲಿ ಒಂದು ಘನ ಮೀಟರ್ ನೀರಿಗೆ ಸುಮಾರು 7 ಲಕ್ಷ ಮೊಟ್ಟೆ ಎಂಬುದು ನೆಮ್ಮದಿಯ ಲೆಕ್ಕ. ಆಸೆಗೆ ಬಿದ್ದು ಇನ್ನಷ್ಟು ತುಂಬಿದರೆ ಮೊದಲ ಗಂಟೆಗಳಲ್ಲಿ ಏನೂ ಗೊತ್ತಾಗುವುದಿಲ್ಲ. ಒಳಗಿನ ಮರಿ ಬೆಳೆದಂತೆ ಆಮ್ಲಜನಕದ ಬಳಕೆ ಏರುತ್ತದೆ, ಒಡೆಯುವ ಹೊತ್ತಿಗೆ ಅದು ತೀರಾ ಹೆಚ್ಚು. ಹೊರಗೆ ಹೋಗುವ ನೀರಿನಲ್ಲಿ ಆಮ್ಲಜನಕ ಅಳೆಯಿರಿ, ಒಳಗೆ ಬರುವ ನೀರಿನಲ್ಲಲ್ಲ. ಅಲ್ಲಿ ಲೀಟರಿಗೆ 5 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಕಾರಣ ಸಿಕ್ಕಿತು.

ನೇರ ಬಿಸಿಲು ಬೀಳುತ್ತಿದ್ದರೆ ನೆರಳು ಮಾಡಿ. ಬಿಸಿಲು ಮೊಟ್ಟೆಗೂ ಕೆಟ್ಟದ್ದು, ತೆಳುವಾದ ತೊಟ್ಟಿಯ ನೀರನ್ನೂ ಬಿಸಿ ಮಾಡುತ್ತದೆ. ನಲ್ಲಿ ನೀರು ಬಳಸುವವರಿಗೆ ಕ್ಲೋರಿನ್ ಇದೆಯೇ ಎಂಬ ಅನುಮಾನ ಸದಾ ಇರಲಿ. 1 ಮಿಲಿಗ್ರಾಂ ಕ್ಲೋರಿನ್ ತೆಗೆಯಲು ಸುಮಾರು 7 ಮಿಲಿಗ್ರಾಂ ಸೋಡಿಯಂ ಥಯೋಸಲ್ಫೇಟ್ ಬೇಕು.

ಮೊಟ್ಟೆಯ ಮೇಲೆ ಕೆಂಪು ಕಂದು ಲೇಪ ಕಂಡರೆ ಕಬ್ಬಿಣ. ಕೊಳವೆಬಾವಿಯಿಂದ ಬರುವಾಗ ಅದು ನೀರಿನಲ್ಲಿ ಕರಗಿರುತ್ತದೆ, ಕಣ್ಣಿಗೆ ಕಾಣದು. ಗಾಳಿ ತಾಗಿದ ಮೇಲೆ ತುಕ್ಕಾಗಿ ಮೊಟ್ಟೆಯ ಮೇಲೂ ಮರಿಯ ಕಿವಿರಿನ ಮೇಲೂ ಕೂರುತ್ತದೆ. ಗಾಜಿನ ಲೋಟದಲ್ಲಿ ನೀರು ಹಿಡಿದು ರಾತ್ರಿಯಿಡೀ ಇಟ್ಟು ನೋಡಿ, ತಳದಲ್ಲಿ ಕಂದು ಗಸಿ ಕಂಡರೆ ಇದೇ. ನೀರನ್ನು ಮೊದಲೇ ಗಾಳಿಗೆ ಒಡ್ಡಿ, ಗಸಿ ಇಳಿಯಲು ಬಿಟ್ಟು, ಮರಳಿನ ಸೋಸುಗದ ಮೂಲಕ ತನ್ನಿ.

ಕೊಳದ ಅಥವಾ ನಾಲೆಯ ನೀರು ಬಳಸುತ್ತಿದ್ದು, ಒಳಗೆ ಏನೂ ಇಲ್ಲದ ಖಾಲಿ ಸಿಪ್ಪೆಗಳು ಸಿಕ್ಕರೆ ಸೈಕ್ಲಾಪ್ಸ್ ಜಾತಿಯ ಸಣ್ಣ ಜೀವಿಗಳನ್ನು ಹುಡುಕಿ. ಲೋಟವನ್ನು ಬೆಳಕಿಗೆ ಹಿಡಿದರೆ ಚಿಮ್ಮುತ್ತಾ ಈಜುವ ಬಿಳಿ ಚುಕ್ಕೆಗಳು ಕಾಣುತ್ತವೆ. ಅವು ಮೊಟ್ಟೆಯನ್ನೂ ಎಳೆ ಮರಿಯನ್ನೂ ಕಚ್ಚುತ್ತವೆ. ಒಳಬರುವ ನೀರಿಗೆ ಸಣ್ಣ ಕಣ್ಣಿನ ಬಟ್ಟೆ ಕಟ್ಟುವುದೇ ಮದ್ದು.

ಮೊಟ್ಟೆಯ ಮೇಲೆ ಹತ್ತಿಯಂಥ ಬೂಸ್ಟು

ಇದನ್ನು ನೋಡಿದ ಕೂಡಲೇ ಜನ ಗಾಬರಿಯಾಗಿ ಔಷಧಿ ಡಬ್ಬ ತೆಗೆಯುತ್ತಾರೆ. ಬೂಸ್ಟು ಸಾಮಾನ್ಯವಾಗಿ ಮೊದಲು ಹಿಡಿಯುವುದು ಸತ್ತ ಮೊಟ್ಟೆಯನ್ನು. ಅಲ್ಲಿಂದ ಎಳೆ ಚಾಚಿ ಪಕ್ಕದ ಜೀವಂತ ಮೊಟ್ಟೆಗಳನ್ನು ಸುತ್ತುತ್ತದೆ. ಹಾಗಾಗಿ ಬೂಸ್ಟು ಕಂಡಾಗ ಕೇಳಬೇಕಾದ್ದು, ಇಷ್ಟೊಂದು ಮೊಟ್ಟೆ ಸತ್ತದ್ದೇಕೆ ಎಂದು. ಉತ್ತರ ಮೇಲಿನ ಎರಡು ಭಾಗಗಳಲ್ಲಿರುತ್ತದೆ.

15 ಗಂಟೆಯಲ್ಲಿ ಒಡೆಯುವ ಮೊಟ್ಟೆಗೆ ಬೂಸ್ಟಿನ ಔಷಧಿ ಹಾಕುವುದು ನನ್ನ ಲೆಕ್ಕದಲ್ಲಿ ವ್ಯರ್ಥ, ಅಪಾಯವೂ ಹೌದು. ಹರಿವು ಸರಿಮಾಡಿ, ಸತ್ತವನ್ನು ತೆಗೆಯಿರಿ, ಸಾಕು. ಸಾಮಾನ್ಯ ಗೆಂಡೆಯಂಥ ನಿಧಾನದ ಮೊಟ್ಟೆಗಳಲ್ಲಿ ಮಾತ್ರ ಇದು ನಿಜವಾದ ತೊಂದರೆ, ಏಕೆಂದರೆ ಅವು ಒಂದಕ್ಕೊಂದು ಅಂಟಿಕೊಂಡು ಗುಂಪಾಗಿರುತ್ತವೆ. ಅಂಟು ತೆಗೆದು ಜಾರ್‌ನಲ್ಲಿ ಬಿಡಿಬಿಡಿಯಾಗಿ ತಿರುಗಿಸಿದರೆ ಬೂಸ್ಟು ಬಹಳ ಕಡಿಮೆಯಾಗುತ್ತದೆ. ಅಂಟು ತೆಗೆಯಲು ಲೀಟರ್ ನೀರಿಗೆ 3 ಗ್ರಾಂ ಯೂರಿಯಾ, 4 ಗ್ರಾಂ ಉಪ್ಪು ಬೆರೆಸಿದ ದ್ರಾವಣ ಹಳೆಯ, ನಂಬಿಕೆಯ ವಿಧಾನ. ಫಲಿತ ಮೊಟ್ಟೆಯನ್ನು ಅದರಲ್ಲಿ ಹಾಕಿ ನಿಲ್ಲಿಸದೆ ಮೆಲ್ಲಗೆ ಕದಡುತ್ತಿರಬೇಕು.

ಔಷಧಿ ಬೇಕೇ ಬೇಕು ಎಂದಾದರೆ ಫಾರ್ಮಲಿನ್ ಅನ್ನು ಲೀಟರಿಗೆ 1ರಿಂದ 2 ಮಿಲಿಲೀಟರ್ ಲೆಕ್ಕದಲ್ಲಿ 15 ನಿಮಿಷ ಮಾತ್ರ ಕೊಡುವ ರೂಢಿ ಇದೆ. ಕಡಿಮೆ ಪ್ರಮಾಣದಿಂದ ಶುರು ಮಾಡಿ, ಮೊದಲು ನೂರು ಮೊಟ್ಟೆಯ ಮೇಲೆ ಬೇರೆ ಪಾತ್ರೆಯಲ್ಲಿ ಪರೀಕ್ಷಿಸಿ. ಮರಿ ಹೊರಬರುವ ಹೊತ್ತು ಹತ್ತಿರವಾದಾಗ ಬೇಡವೇ ಬೇಡ. ಈ ಪ್ರಮಾಣದಲ್ಲಿ ಮರಿ ಬದುಕುವುದಿಲ್ಲ. ತಳದಲ್ಲಿ ಬಿಳಿ ಪುಡಿ ಕುಳಿತಿರುವ ಹಳೆಯ ಫಾರ್ಮಲಿನ್ ಮೀನಿಗೆ ಇನ್ನೂ ಜಾಸ್ತಿ ವಿಷ, ಬಳಸಬೇಡಿ. ಗಾಳಿ ಆಡುವ ಜಾಗದಲ್ಲಿ, ಕೈಗವಸು, ಕನ್ನಡಕ ಹಾಕಿಕೊಂಡೇ ಅದನ್ನು ಮುಟ್ಟಿ. ಪೊಟ್ಯಾಸಿಯಂ ಪರ್ಮಾಂಗನೇಟ್ ಜೊತೆ ಅದನ್ನು ಎಂದಿಗೂ ಬೆರೆಸಬೇಡಿ, ಕುದಿದು ವಿಷದ ಅನಿಲ ಏಳುತ್ತದೆ. ಬೂಸ್ಟಿಗೆ ಹಿಂದೆ ಹಾಕುತ್ತಿದ್ದ ಮಲಾಕೈಟ್ ಗ್ರೀನ್ ಬಣ್ಣದ ವಿಷಯ ಸರಳ: ತಿನ್ನುವ ಮೀನಿಗೆ ಅದನ್ನು ಹಲವು ದೇಶಗಳು ನಿಷೇಧಿಸಿವೆ. ಹಳೆಯ ಡಬ್ಬ ಇದ್ದರೆ ತೊಟ್ಟಿಯ ಹತ್ತಿರ ತರಬೇಡಿ.

ಹೊತ್ತಿಗೆ ಮುಂಚೆ ಒಡೆಯುತ್ತಿದೆ, ಮರಿ ಮುದುಡಿಕೊಂಡಿದೆ

ಹತ್ತು, ಹನ್ನೊಂದನೇ ಗಂಟೆಗೇ ಸಿಪ್ಪೆಗಳು ಕಾಣಿಸಿಕೊಂಡರೆ ಕೆಲವರು ಖುಷಿ ಪಡುತ್ತಾರೆ. ಇದು ಖುಷಿಯ ಸುದ್ದಿಯಲ್ಲ. ಹೊತ್ತಾಗದೆ ಬಂದ ಮರಿಯ ಬಾಲ ಬಾಗಿರುತ್ತದೆ, ಮೇಲೆದ್ದು ಬೀಳುವ ಶಕ್ತಿ ಇರುವುದಿಲ್ಲ, ತಳದಲ್ಲಿ ಕುಳಿತು ಕೊಳೆಯುತ್ತದೆ.

ಮರಿಯ ತಲೆಯ ಭಾಗದ ಗ್ರಂಥಿಗಳಿಂದ ಸಿಪ್ಪೆಯನ್ನು ಮೆತ್ತಗೆ ಮಾಡುವ ರಸ ಹೊರಡುತ್ತದೆ. ಅದು ಹೊರಡಬೇಕಾದ್ದು ಮರಿ ಸಿದ್ಧವಾದ ಮೇಲೆ. ಆಮ್ಲಜನಕ ಕುಸಿದರೆ ಅಥವಾ ನೀರು ಬಿಸಿಯೇರಿದರೆ ಅದು ಮುಂಚೆಯೇ ಹೊರಡುತ್ತದೆ. ಅಷ್ಟೇ ಅಲ್ಲ, ತುಂಬಿದ ತೊಟ್ಟಿಯಲ್ಲಿ ಹರಿವು ನಿಧಾನವಾಗಿದ್ದರೆ ಮೊದಲು ಒಡೆದವುಗಳ ರಸ ನೀರಿನಲ್ಲೇ ಉಳಿದು ಪಕ್ಕದ ಮೊಟ್ಟೆಗಳ ಸಿಪ್ಪೆಯನ್ನೂ ಕರಗಿಸುತ್ತದೆ. ಒಂದು ಮೂಲೆಯಲ್ಲಿ ಶುರುವಾದದ್ದು ಅರ್ಧ ಗಂಟೆಯಲ್ಲಿ ತೊಟ್ಟಿಯಿಡೀ ಹರಡುವುದು ಹೀಗೆ.

ಆ ಕ್ಷಣದಲ್ಲಿ ಮಾಡಬಹುದಾದ್ದು ಒಂದೇ: ಹೊಸ ನೀರಿನ ಹರಿವು ಹೆಚ್ಚಿಸಿ ಹಳೆಯ ನೀರನ್ನು ಬೇಗ ಹೊರಗೆ ಕಳಿಸುವುದು. ಆಮೇಲೆ ದಾಖಲೆ ನೋಡಿ. ರಾತ್ರಿ ಕರೆಂಟ್ ಹೋಗಿತ್ತೇ? ನೀರು 31 ಡಿಗ್ರಿ ದಾಟಿತ್ತೇ? ಎರಡೂ ಅಲ್ಲ, ಆದರೂ ಪ್ರತಿ ಸಲ ಸಿಪ್ಪೆ ಮುಟ್ಟಿದರೆ ಹರಿಯುವಷ್ಟು ಮೆತ್ತಗಿದೆ ಎಂದಾದರೆ ನೀರಿನ ಗಡಸುತನ ಮತ್ತು ಪಿಎಚ್ ಪರೀಕ್ಷೆ ಮಾಡಿಸಿ. ಸುಣ್ಣದ ಅಂಶ ತೀರಾ ಕಡಿಮೆ ಇರುವ, ಹುಳಿ ನೀರಿನಲ್ಲಿ ಸಿಪ್ಪೆ ಗಟ್ಟಿಯಾಗುವುದಿಲ್ಲ.

ಮರಿ ಬಂದಿತ್ತು, ಬೆಳಗ್ಗೆ ನೋಡಿದರೆ ಅರ್ಧಕ್ಕರ್ಧ ಇಲ್ಲ

ಹೆಣವೂ ಇಲ್ಲ, ಬಿಳಿ ಮೊಟ್ಟೆಯೂ ಇಲ್ಲ. ಇದು ರೋಗವಲ್ಲ, ಸೋರಿಕೆ. ಒಡೆಯುವ ಹೊತ್ತಿಗೆ ಲಕ್ಷಗಟ್ಟಲೆ ಸಿಪ್ಪೆಗಳು ಒಟ್ಟಿಗೆ ನೀರಿಗೆ ಬರುತ್ತವೆ. ಲೋಳೆಯಾಗಿ ನಡುವಿನ ಜಾಲರಿಗೆ ಅಂಟಿಕೊಳ್ಳುತ್ತವೆ. ನೀರು ಹೊರಗೆ ಹೋಗಲು ದಾರಿಯಿಲ್ಲದೆ ಮಟ್ಟ ಏರುತ್ತದೆ, ಜಾಲರಿಯ ಮೇಲಿನ ಅಂಚಿನಿಂದ ಮರಿಗಳ ಸಮೇತ ಉಕ್ಕಿ ಹೋಗುತ್ತದೆ. ಸಂಜೆ 7ಕ್ಕೆ ಮೊಟ್ಟೆ ಇಟ್ಟರೆ ಒಡೆಯುವುದು ಮರುದಿನ ಬೆಳಗ್ಗೆ 9ರಿಂದ ಮಧ್ಯಾಹ್ನ 1ರೊಳಗೆ. ಬೆಳಗಿನ ಜಾವ ಇಟ್ಟರೆ ಒಡೆಯುವುದು ರಾತ್ರಿ, ಆಗ ಯಾರೂ ನೋಡುವುದಿಲ್ಲ. ಲೆಕ್ಕ ಹಾಕಿ ಆ ನಾಲ್ಕು ಗಂಟೆಗೆ ಒಬ್ಬರನ್ನು ಮೆತ್ತನೆಯ ಬ್ರಷ್ ಜೊತೆ ಜಾಲರಿಯ ಹತ್ತಿರ ನಿಲ್ಲಿಸಿ. ಹ್ಯಾಚರಿಗೆ ಹಾಕುವ ಬೇರೆ ಯಾವ ಖರ್ಚೂ ಇಷ್ಟು ಮರಿ ಉಳಿಸದು ಎಂದು ನನ್ನ ನಂಬಿಕೆ.

ಜಾಲರಿ ತುಂಬುತ್ತಿಲ್ಲ, ಆದರೂ ಮರಿ ಕಡಿಮೆಯಾಗುತ್ತಿದೆ ಎಂದರೆ ಹೊರಗೆ ಹೋಗುವ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಹಾಪಾ (ಬಟ್ಟೆಯ ಬಲೆಚೀಲ) ಕಟ್ಟಿ. ಒಂದು ಗಂಟೆ ಬಿಟ್ಟು ನೋಡಿ. ಮರಿ ಸಿಕ್ಕರೆ ಜಾಲರಿಯ ಹೊಲಿಗೆ, ತಳದ ಅಂಚು, ಹರಿದ ತೂತು ಹುಡುಕಿ. ಜಾಲರಿ ಸರಿಯಿದ್ದು ಮರಿಗಳು ಅದಕ್ಕೆ ಅಂಟಿಕೊಂಡಿದ್ದರೆ ಎಳೆತ ಜಾಸ್ತಿ. ಮರಿಗಳಿಗೆ ಈಜುವ ಬಲ ಬರುವವರೆಗೆ ಹರಿವು ತಗ್ಗಿಸಿ, ಅಥವಾ ಮುಂದಿನ ಸಲಕ್ಕೆ ಜಾಲರಿಯ ವಿಸ್ತಾರ ಹೆಚ್ಚಿಸಿ.

ಮರಿ ತಲೆ ಮೇಲಾಗಿ ತೇಲುತ್ತಿದೆ, ಮೈಯಲ್ಲಿ ಗುಳ್ಳೆ

ಭೂತಗನ್ನಡಿಯಲ್ಲಿ ಹಳದಿ ಚೀಲದ ಹತ್ತಿರ, ರೆಕ್ಕೆಯ ಅಡಿ ಸಣ್ಣ ಗಾಳಿ ಗುಳ್ಳೆ ಕಂಡರೆ ನೀರಿನಲ್ಲಿ ಅನಿಲ ಮಿತಿಮೀರಿ ಕರಗಿದೆ. ಕೊಳವೆಬಾವಿಯ ನೀರು ನೇರ ತೊಟ್ಟಿಗೆ ಬಿಡುವ ಕಡೆ ಇದು ಬಹಳ ಸಾಮಾನ್ಯ, ಆದರೆ ಬಹಳ ಜನಕ್ಕೆ ಗೊತ್ತಿಲ್ಲದ ಕಾರಣ. ಆಳದ ಒತ್ತಡದಲ್ಲಿ ನೀರು ಜಾಸ್ತಿ ಸಾರಜನಕ ಹಿಡಿದಿಟ್ಟುಕೊಂಡಿರುತ್ತದೆ. ಮೇಲೆ ಬಂದಾಗ ಅದು ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಹೊರಬರಲು ನೋಡುತ್ತದೆ, ಕೆಲವು ಗುಳ್ಳೆ ಮರಿಯ ಮೈಯೊಳಗೇ ಮೂಡುತ್ತದೆ.

ಪರೀಕ್ಷೆಗೆ ಯಾವ ಉಪಕರಣವೂ ಬೇಡ. ತೊಟ್ಟಿಯ ನೀರಿನಲ್ಲಿ ಕೈ ಅದ್ದಿ ಹಿಡಿಯಿರಿ. ಕೈಯ ಕೂದಲಿಗೆ ಸಣ್ಣ ಗುಳ್ಳೆಗಳು ಕಟ್ಟಿಕೊಂಡರೆ ಅನುಮಾನ ಪಡಿ. ಗಾಜಿನ ಲೋಟದಲ್ಲಿ ನೀರು ಇಟ್ಟರೆ ಒಳಗೋಡೆಗೂ ಗುಳ್ಳೆ ಕಟ್ಟುತ್ತದೆ.

ವಿಚಿತ್ರವೆಂದರೆ ಇದೇ ನೀರಿನಲ್ಲಿ ಆಮ್ಲಜನಕ ಕಡಿಮೆಯೂ ಇರಬಹುದು. ಎರಡಕ್ಕೂ ಪರಿಹಾರ ಒಂದೇ. ನೀರನ್ನು ತೂತಿನ ತಟ್ಟೆಗಳ ಮೇಲೆ ಹಂತಹಂತವಾಗಿ ಬೀಳಿಸಿ, ಮೇಲಿನ ಟ್ಯಾಂಕಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಆಮೇಲೆ ತೊಟ್ಟಿಗೆ ಬಿಡಿ. ಹಾಗೆ ಮಾಡಿದರೂ ಹೋಗದಿದ್ದರೆ ಪಂಪನ್ನು ನೋಡಿ. ನೀರು ಎಳೆಯುವ ಕಡೆಯ ಪೈಪಿನ ಜೋಡಣೆ ಸಡಿಲವಾಗಿದ್ದರೆ, ಫುಟ್ ವಾಲ್ವ್ ನೀರಿನಿಂದ ಮೇಲೆ ಬಂದಿದ್ದರೆ ಪಂಪು ಗಾಳಿಯನ್ನೂ ಎಳೆದು ಒತ್ತಡದಲ್ಲಿ ನೀರಿಗೆ ಕರಗಿಸುತ್ತದೆ. ಪಂಪು ಮುಟ್ಟುವ ಮೊದಲು ಕರೆಂಟ್ ತೆಗೆಯಿರಿ. ಒದ್ದೆ ನೆಲ, ಒದ್ದೆ ಕೈ, ಹಳೆಯ ವೈರು ಇರುವ ಜಾಗ ಇದು. ಸೋರಿಕೆ ವಿದ್ಯುತ್ತನ್ನು ತಡೆಯುವ ಸ್ವಿಚ್ ಇಲ್ಲದ ಹ್ಯಾಚರಿಯಲ್ಲಿ ರಾತ್ರಿ ಒಬ್ಬರೇ ಕೆಲಸ ಮಾಡಬೇಡಿ.

ಮೂರು, ನಾಲ್ಕನೇ ದಿನ ಮರಿ ಬಡವಾಗಿ ಸಾಯುತ್ತಿದೆ

ಹೊಟ್ಟೆ ಖಾಲಿ, ತಲೆ ದೊಡ್ಡದು, ಮೈ ಕಡ್ಡಿ. ಹಸಿವು, ಇನ್ನೇನಿಲ್ಲ. ಹಳದಿ ಚೀಲ ಮುಗಿಯುವ ಹೊತ್ತಿಗೆ ಬಾಯಿಗೆ ಹಿಡಿಸುವ ಆಹಾರ ಸಿಗಬೇಕು. ಮರಿಯನ್ನು ತೊಟ್ಟಿಯಲ್ಲೇ ನಾಲ್ಕನೇ ದಿನದವರೆಗೆ ಇಟ್ಟುಕೊಳ್ಳುವ ರೂಢಿ ಇದ್ದರೆ ಅದನ್ನು ಬಿಟ್ಟುಬಿಡಿ. ಅನಿವಾರ್ಯವಾದರೆ ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಸೋಸಿ ಚೂರು ಕೊಡಬಹುದು. ಜಾಸ್ತಿ ಹಾಕಿದರೆ ಅದೇ ಕೊಳೆತು ಮರಿ ಕೊಲ್ಲುತ್ತದೆ.

ನರ್ಸರಿ ಕೊಳಕ್ಕೆ ಬಿಟ್ಟ ಮೇಲೂ ಹೀಗಾದರೆ ಕೊಳದಲ್ಲಿ ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ಇಲ್ಲ, ಅಥವಾ ಇರುವುದು ತಪ್ಪು ಗಾತ್ರದ್ದು. ನೀರು ಹಸಿರಾಗಿದೆ ಎಂದ ಮಾತ್ರಕ್ಕೆ ಆಹಾರ ಇದೆ ಎಂದಲ್ಲ. ಹಸಿರು ಎಂದರೆ ಪಾಚಿ. ಮರಿಗೆ ಮೊದಲು ಬೇಕಾದ್ದು ರೋಟಿಫರ್‌ನಂಥ ಸಣ್ಣ ಜೀವಿಗಳು. 50 ಲೀಟರ್ ನೀರನ್ನು ಪ್ಲಾಂಕ್ಟನ್ ಬಲೆಯಲ್ಲಿ ಸೋಸಿ ಗೆರೆ ಇರುವ ಕೊಳವೆಗೆ ಹಾಕಿ, ಒಂದು ಚಿಟಿಕೆ ಉಪ್ಪು ಹಾಕಿದರೆ ಅವು ತಳಕ್ಕೆ ಇಳಿಯುತ್ತವೆ. 1ರಿಂದ 2 ಮಿಲಿಲೀಟರ್ ಸಿಕ್ಕರೆ ಕೊಳ ಸಿದ್ಧ. ಸಿಕ್ಕಿದ್ದೆಲ್ಲ ಬರಿಗಣ್ಣಿಗೆ ದಪ್ಪಗೆ ಕಾಣುವ ಡಫ್ನಿಯಾ ಆಗಿದ್ದರೆ ಹೊತ್ತು ಮೀರಿದೆ. ಗೊಬ್ಬರ ಹಾಕಿದ ಕೊಳದಲ್ಲಿ ರೋಟಿಫರ್ ಮೊದಲು ಬರುತ್ತದೆ, ದೊಡ್ಡವು ಆಮೇಲೆ. ಮರಿ ಬಿಡುವ ದಿನದಿಂದ ಹಿಂದಕ್ಕೆ ಎಣಿಸಿ ಗೊಬ್ಬರ ಹಾಕುವುದು ಇದಕ್ಕೇ.

ಪೂರಕ ಆಹಾರವಾಗಿ ತೌಡು, ಹಿಂಡಿ ಸಮ ಪಾಲು, ಹಿಟ್ಟಿನಂತೆ ಪುಡಿಮಾಡಿ. ಒಂದು ಲಕ್ಷ ಮರಿಗೆ ಮೊದಲ ಐದು ದಿನ ದಿನಕ್ಕೆ 600 ಗ್ರಾಂ, ಆಮೇಲೆ 1.2 ಕಿಲೋ. ಎರಡು ಹೊತ್ತಿಗೆ ಹಂಚಿ.

ನರ್ಸರಿಗೆ ಬಿಟ್ಟ ಎರಡು ದಿನಕ್ಕೆ ಮರಿಯೇ ಕಾಣುತ್ತಿಲ್ಲ

ಇಲ್ಲಿ ಊಹೆ ಬೇಡ, ಹಾಪಾ ಪರೀಕ್ಷೆ ಮಾಡಿ. ಕೊಳದೊಳಗೆ ಸಣ್ಣ ಹಾಪಾ ಕಟ್ಟಿ ನೂರು ಮರಿ ಬಿಟ್ಟು ಒಂದು ದಿನ ಇಡಿ. ಹಾಪಾದ ಮರಿ ಬದುಕಿದ್ದು ಕೊಳದ ಮರಿ ಮಾಯವಾದರೆ ಯಾರೋ ತಿನ್ನುತ್ತಿದ್ದಾರೆ. ಹಾಪಾದ ಮರಿಯೂ ಸತ್ತರೆ ನೀರಿನ ದೋಷ: ಕೊಳದ ಬೇಡದ ಮೀನು ಕೊಲ್ಲಲು ಮೊದಲೇ ಹಾಕಿದ ಬ್ಲೀಚಿಂಗ್ ಪುಡಿ ಅಥವಾ ಇಪ್ಪೆ ಹಿಂಡಿಯ ವಿಷ ಇನ್ನೂ ಇಳಿದಿಲ್ಲ, ಅಮೋನಿಯಾ ಏರಿದೆ, ಇಲ್ಲವೇ ಬಿಡುವಾಗ ತಾಪಮಾನದ ಪೆಟ್ಟು ಬಿದ್ದಿದೆ. ಇಪ್ಪೆ ಹಿಂಡಿಯ ವಿಷ ಎರಡು, ಮೂರು ವಾರ ಇರುತ್ತದೆ. ತಾಪಮಾನದ ಪೆಟ್ಟು ತಪ್ಪಿಸಲು ಮರಿ ತಂದ ಚೀಲವನ್ನು 15, 20 ನಿಮಿಷ ಕೊಳದಲ್ಲಿ ತೇಲಿಸಿ, ಕೊಳದ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸಿ, ಮರಿ ತಾನಾಗಿ ಈಜಿ ಹೊರಬರಲು ಬಿಡಿ. ಹಾಪಾ ಪರೀಕ್ಷೆಯನ್ನು ಮರಿ ಬಿಡುವ ಹಿಂದಿನ ದಿನವೇ ಮಾಡಿದರೆ ಇಡೀ ತಂಡ ಉಳಿಯುತ್ತದೆ.

ತಿನ್ನುವವರಲ್ಲಿ ಮುಖ್ಯ: ಬೆನ್ನಡಿಯಾಗಿ ಈಜುವ ನೀರಿನ ಹುಳು, ನೀರುತಿಗಣೆ, ಜೀರುಂಡೆ, ಏರೋಪ್ಲೇನ್ ಚಿಟ್ಟೆಯ ಮರಿ. ಮೇಲೆ ಬಂದು ಗಾಳಿ ಹೀರುವ ಹುಳುಗಳಿಗೆ ಸಾಬೂನು ಎಣ್ಣೆಯ ಪದರ ಸಾಕು. ಹೆಕ್ಟೇರಿಗೆ 56 ಕಿಲೋ ಅಡುಗೆ ಎಣ್ಣೆ, 18 ಕಿಲೋ ಸಾಬೂನು. ನೂರು ಚದರ ಮೀಟರಿನ ಕೊಳಕ್ಕಾದರೆ 560 ಗ್ರಾಂ ಎಣ್ಣೆ, 180 ಗ್ರಾಂ ಸಾಬೂನು. ಮರಿ ಬಿಡುವ 12ರಿಂದ 24 ಗಂಟೆ ಮೊದಲು, ಗಾಳಿ ಇಲ್ಲದ ಹೊತ್ತಿನಲ್ಲಿ ಚೆಲ್ಲಿ. ಗಾಳಿ ಇದ್ದರೆ ಪದರ ಒಂದು ದಡಕ್ಕೆ ಸರಿದು ಕೆಲಸ ಮಾಡುವುದಿಲ್ಲ. ಏರೋಪ್ಲೇನ್ ಚಿಟ್ಟೆಯ ಮರಿಗೆ ಮಾತ್ರ ಇದು ತಾಗದು. ಅದು ನೀರೊಳಗೇ ಉಸಿರಾಡುತ್ತದೆ. ಸಣ್ಣ ಕಣ್ಣಿನ ಬಲೆ ಎಳೆದು ತೆಗೆಯಬೇಕು. ಕೊಳಕ್ಕೆ ನೀರು ತುಂಬಿ ವಾರಗಟ್ಟಲೆ ಕಾದರೆ ಇವೆಲ್ಲ ತಾವಾಗಿ ಬಂದು ಸೇರುತ್ತವೆ.

ಕ್ಯಾಟ್‌ಫಿಶ್ ಸಾಕುವವರು ಹೊರಗಿನ ಶತ್ರುವನ್ನು ಹುಡುಕುವ ಮೊದಲು ಗಾತ್ರ ನೋಡಿ. ದೊಡ್ಡ ಮರಿ ಸಣ್ಣದನ್ನು ತಿನ್ನುತ್ತದೆ. ಗಾತ್ರ ಬೇರ್ಪಡಿಸಿ.

ಮರಿ ಮೇಲೆ ಬಂದು ಬಾಯಿ ಬಡಿಯುತ್ತಿದೆ

ಬೆಳಗಿನ ಜಾವ ಮಾತ್ರವೇ? ಆಮ್ಲಜನಕ ಕಡಿಮೆ. ಆಹಾರ, ಗೊಬ್ಬರ ನಿಲ್ಲಿಸಿ, ಹೊಸ ನೀರು ಬಿಡಿ. ದಿನವಿಡೀ ಬಾಯಿ ಬಡಿಯುತ್ತಿದ್ದು ಆಮ್ಲಜನಕ ಸರಿಯಿದ್ದರೆ ಅಮೋನಿಯಾ ಅಥವಾ ಕಿವಿರಿನ ಪರಾವಲಂಬಿ. ಅಮೋನಿಯಾ ಕಿಟ್ಟಿನ ಅಂಕಿಯನ್ನು ಪಿಎಚ್ ಜೊತೆ ಓದಬೇಕು. 25 ಡಿಗ್ರಿಯಲ್ಲಿ, ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದ ನೂರರಲ್ಲಿ ಒಂದು ಪಾಲೂ ವಿಷದ ರೂಪದಲ್ಲಿರುವುದಿಲ್ಲ. ಪಿಎಚ್ 9ರಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಆಗುತ್ತದೆ. ಅದೇ ನೀರು ಬೆಳಗ್ಗೆ ಸುಮ್ಮನಿದ್ದು, ಪಾಚಿ ಪಿಎಚ್ ಏರಿಸುವ ಮಧ್ಯಾಹ್ನ ಮರಿ ಕೊಲ್ಲುವುದು ಹೀಗೆ. ಇಂಥ ಹೊತ್ತಿನಲ್ಲಿ ಸುಣ್ಣ ಹಾಕಿದರೆ ಬೆಂಕಿಗೆ ತುಪ್ಪ. ಪರಾವಲಂಬಿಯನ್ನು ಸೂಕ್ಷ್ಮದರ್ಶಕವಿಲ್ಲದೆ ಹೇಳಲಾಗದು, ಊಹಿಸಿ ಔಷಧಿ ಹಾಕಬೇಡಿ.

ಯಾವಾಗ ಕೈ ತೆಗೆದು ಸಹಾಯ ಕೇಳಬೇಕು

ಮರಿಯ ಜೊತೆ ಕಪ್ಪೆಮರಿ, ಹುಳುಗಳೂ ಒಂದೆರಡು ಗಂಟೆಯಲ್ಲಿ ಸತ್ತರೆ ಕೀಟನಾಶಕ ಬಂದಿರಬಹುದು. ನೀರಿನ ಒಳದಾರಿ ಮುಚ್ಚಿ, ಬರಿಗೈ ಹಾಕಬೇಡಿ. ರಕ್ತದ ಕಲೆ, ಹುಣ್ಣು, ಬಿಳಿ ಚುಕ್ಕೆ ಇದ್ದರೆ, ನೀರು ಎಲ್ಲ ಲೆಕ್ಕದಲ್ಲೂ ಸರಿಯಿದ್ದೂ ಸಾವು ದಿನದಿನಕ್ಕೆ ಏರುತ್ತಿದ್ದರೆ, ಸತತ ಸರದಿಗಳಲ್ಲಿ ಬೆನ್ನು ಬಾಗಿದ ಮರಿಗಳೇ ಬರುತ್ತಿದ್ದರೆ ಮೀನು ರೋಗ ತಜ್ಞರನ್ನು ಕರೆಯಿರಿ. ಕೊನೆಯದರಲ್ಲಿ ಒಂದೇ ಕುಟುಂಬದ ಮೀನುಗಳನ್ನು ಮತ್ತೆ ಮತ್ತೆ ಕೂಡಿಸಿದ್ದೂ ಕಾರಣವಿರಬಹುದು, ತಾಯಿಮೀನುಗಳ ಮೂಲದ ದಾಖಲೆ ಕೊಡಿ.

ಮಾದರಿಗೆ ಕೊಳೆತ ಹೆಣ ಬೇಡ. ಸಾಯುತ್ತಿರುವ, ಇನ್ನೂ ಜೀವ ಇರುವ ಮರಿಗಳನ್ನು ಅದೇ ನೀರಿನಲ್ಲಿ, ಆಮ್ಲಜನಕ ತುಂಬಿದ ಚೀಲದಲ್ಲಿ ಕಳಿಸಿ. ಆಗದಿದ್ದರೆ ಮಂಜುಗಡ್ಡೆಯ ಮೇಲೆ ತಣ್ಣಗಿಡಿ, ಗಡ್ಡೆಕಟ್ಟಿಸಬೇಡಿ. ನೀರಿನ ಮಾದರಿಯನ್ನು ಬೇರೆ ಬಾಟಲಿಯಲ್ಲಿ ಗಾಳಿ ಉಳಿಯದಂತೆ ಅಂಚಿನವರೆಗೆ ತುಂಬಿ. ಇಷ್ಟರೊಳಗೆ ಯಾವ ಔಷಧಿ ಹಾಕಿದ್ದೀರಿ ಎಂಬುದನ್ನು ಮುಚ್ಚಿಡದೆ ಚೀಟಿಯಲ್ಲಿ ಬರೆಯಿರಿ. ಫಲಿತಾಂಶ ಬರುವವರೆಗೆ ಆ ತೊಟ್ಟಿಯ ಬಲೆ, ಬಕೆಟ್ ಬೇರೆ ತೊಟ್ಟಿಗೆ ಹೋಗಬಾರದು, ಅದರ ಮರಿ ಹೊರಗೆ ಹೋಗಬಾರದು, ಅದರ ನೀರನ್ನು ಹಳ್ಳಕ್ಕೆ ಬಿಡಬಾರದು.